ಎಪ್ಪತ್ತೆಂಟು ಎಲೆಗಳು, ಒಂದು ಪ್ರಶ್ನೆ

ಕಳೆದ ವರ್ಷದ ಆಟಿ ತಿಂಗಳು. ಮಳೆ ಹೊಡೆದು ಹೊಡೆದು ಅಂಗಳವೆಲ್ಲ ಹಾವಸೆ ಕಟ್ಟಿತ್ತು, ಹೊರಗೆ ಕಾಲಿಡುವಂತಿರಲಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಂಗಿಯ ಮಗಳು ಒಂದು ವಾರದ ರಜೆ ಪಡೆದು ಮನೆಗೆ ಬಂದಿದ್ದಳು. ಅವಳ ಚೀಲದಿಂದ, ಹಳೆಯ ರೇಷ್ಮೆಯ ತುಂಡಿನಲ್ಲಿ ಸುತ್ತಿದ್ದ ಒಂದು ಎಲೆಯ ಕಟ್ಟು ಹೊರಬಿತ್ತು. ಇಸ್ಪೀಟಿನ ಎಲೆಗಳೆಂದೇ ಎಣಿಸಿ, ‘ಇಪ್ಪತ್ತೆಂಟು ಆಡುವುದಕ್ಕೆ ಮನೆಯಲ್ಲಿ ಜನ ಸಾಲದಲ್ಲ’ ಎಂದೆವು. ‘ದೊಡ್ಡಮ್ಮ, ಇವು ಆಡುವ ಎಲೆಗಳಲ್ಲ, ಓದುವ ಎಲೆಗಳು. ಟಾರೋ ಎನ್ನುತ್ತಾರೆ’ ಎಂದಳು. ಓದು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನೆ ಕುಳಿತಿರುವುದು ನಮ್ಮಿಂದಾಗದು ಎಂಬುದನ್ನು ಈ ಅಂಕಣದ ಓದುಗರು ಬಲ್ಲರು. ನಮಗೂ ಕಲಿಸೆಂದು ಕೇಳಿದೆವು. ಆ ಒಂದು ವಾರದ ಕಲಿಕೆಯ ಕಥೆಯೇ ಈ ತಿಂಗಳ ಬರಹ.

ಇಷ್ಟು ಓದುವಾಗಲೇ ಕೆಲವರು ಹುಬ್ಬು ಗಂಟಿಕ್ಕಿರಬಹುದು. ಆದರೆ ಮುಂದಾಗುವುದನ್ನು ಕೇಳಿ ತಿಳಿಯುವ ಆಸೆ ನಮ್ಮ ನಾಡಿಗೇನೂ ಹೊಸತಲ್ಲ. ಕಾಸರಗೋಡಿನ ಕಡೆಯ ಮನೆಗಳಲ್ಲಿ ದೈವಜ್ಞರನ್ನು ಬರಮಾಡಿಕೊಂಡು ಪ್ರಶ್ನೆ ಇಡಿಸುವುದು ಇಂದಿಗೂ ನಡೆದಿದೆ. ಅಷ್ಟಮಂಗಲ ಪ್ರಶ್ನೆಯಲ್ಲಿ ಕವಡೆಗಳನ್ನು ಮೂರು ಪಾಲು ಮಾಡಿ ಎಣಿಸುವುದನ್ನೂ, ತಾಂಬೂಲ ಪ್ರಶ್ನೆಯಲ್ಲಿ ವೀಳ್ಯದೆಲೆಗಳನ್ನು ಎಣಿಸುವುದನ್ನೂ ನಾವು ಎಳವೆಯಿಂದ ನೋಡಿದ್ದೇವೆ. ತಮಿಳು ನಾಡಿನ ಊರುಗಳಲ್ಲಿರುವ ನಮ್ಮ ಓದುಗರು, ಪಂಜರದಿಂದ ಹೊರಬಂದ ಗಿಣಿ ಕೊಕ್ಕಿನಲ್ಲಿ ಚಿತ್ರದ ಎಲೆಯನ್ನು ಎತ್ತಿಕೊಡುವ ಗಿಣಿಶಾಸ್ತ್ರವನ್ನು ಬಲ್ಲರು. ಕೈ ನೋಡಿ ಕಣಿ ಹೇಳುವವರು ಬಾರದ ಊರು ಎಲ್ಲಿಯೂ ಇರಲಿಲ್ಲ. ಹೀಗಿರುವಲ್ಲಿ, ಕಡಲಾಚೆಯಿಂದ ಬಂದ ಎಲೆಗಳನ್ನು ಕಂಡು ಬೆಚ್ಚಬೇಕಾದುದಿಲ್ಲ. ಕಂಡೊಡನೆ ಕೈ ಮುಗಿಯಬೇಕಾದುದೂ ಇಲ್ಲ. ಕಲಿಯುವುದೆಂದರೆ ನಂಬುವುದಲ್ಲ. ನಂಬದಿರುವುದಕ್ಕೂ ಮೊದಲು ತಿಳಿದಿರಬೇಕು.

ಕಟ್ಟಿನಲ್ಲಿರುವ ಎಲೆಗಳು ಒಟ್ಟು 78. ಅವುಗಳಲ್ಲಿ 56 ಎಲೆಗಳು ನಮ್ಮ ಇಸ್ಪೀಟಿಗೆ ಹತ್ತಿರದ ನೆಂಟರು. ಇಸ್ಪೀಟು, ಆಟೀನು, ಡೈಮನ್ನು, ಕಳಾವರ್ ಎಂಬಂತೆಯೇ ಇಲ್ಲಿಯೂ ನಾಲ್ಕು ಬಳಗಗಳು: ಕೋಲು, ಬಟ್ಟಲು, ಕತ್ತಿ, ನಾಣ್ಯ. ಒಂದೊಂದರಲ್ಲಿಯೂ ಎಕ್ಕದಿಂದ ಹತ್ತರವರೆಗಿನ ಎಲೆಗಳು, ಅದರ ಮೇಲೆ ಊಳಿಗದ ಹುಡುಗ, ರಾವುತ, ರಾಣಿ, ರಾಜ ಎಂಬ ನಾಲ್ವರು. ಹೀಗೆ ಬಳಗಕ್ಕೆ 14. ಇಸ್ಪೀಟಿನಲ್ಲಿ ಇಲ್ಲದ ರಾವುತನೊಬ್ಬ ಇಲ್ಲಿ ಹೆಚ್ಚು. ಉಳಿದ 22 ಎಲೆಗಳದು ಬೇರೆಯೇ ಕುಲ. ಮರುಳ, ಜಾದೂಗಾರ, ಚಕ್ರವರ್ತಿನಿ, ದೀಪ ಹಿಡಿದ ಮುದಿ ಸನ್ಯಾಸಿ, ಭಾಗ್ಯಚಕ್ರ, ತಲೆಕೆಳಗಾಗಿ ತೂಗುವವನು, ಮರಣ, ಸಿಡಿಲು ಬಡಿದ ಗೋಪುರ, ನಕ್ಷತ್ರ, ಚಂದ್ರ, ಸೂರ್ಯ ಎಂದು ಅವು ಸಾಗುತ್ತವೆ. ಮರುಳನಿಗೆ ಸೊನ್ನೆ, ಕೊನೆಯದಾದ ಜಗತ್ತು ಎಂಬ ಎಲೆಗೆ 21.

ಅರ್ಥ ಹೇಳುವ ಕ್ರಮವೂ ಮೇಲುನೋಟಕ್ಕೆ ಸುಲಭ. ಕೋಲು ಬೆಂಕಿಗೆ, ಬಟ್ಟಲು ನೀರಿಗೆ, ಕತ್ತಿ ಗಾಳಿಗೆ, ನಾಣ್ಯ ಮಣ್ಣಿಗೆ ಸೇರಿದ್ದೆಂದು ಇಂದಿನ ಹೆಚ್ಚಿನ ಪುಸ್ತಕಗಳು ಕಲಿಸುತ್ತವೆ. ಆದುದರಿಂದ ಕೋಲು ಬಂದರೆ ಉತ್ಸಾಹ ಮತ್ತು ಉದ್ಯಮದ ಮಾತು. ಬಟ್ಟಲು ಬಂದರೆ ಅಕ್ಕರೆ ಮತ್ತು ಸಂಬಂಧಗಳದು. ಕತ್ತಿ ಬಂದರೆ ಯೋಚನೆ, ಜಗಳ, ಚಿಂತೆಗಳದು. ನಾಣ್ಯ ಬಂದರೆ ದುಡ್ಡು, ದುಡಿಮೆ, ಮನೆ, ಮೈಗಳದು. ಎಲೆ ತಲೆಕೆಳಗಾಗಿ ಬಂದರೆ ಅರ್ಥ ಬದಲಾಗುವುದೆಂದು ಕೆಲವರು ಹೇಳುತ್ತಾರೆ. ಮತ್ತೆ ಕೆಲವರು ಅದನ್ನು ಗಣನೆಗೆ ತರುವುದಿಲ್ಲ. ಕಲಿಯುವವರು ಮೊದಲು ಮೂರೇ ಎಲೆಗಳನ್ನು ಸಾಲಾಗಿ ಹಾಸಬೇಕು: ಕಳೆದದ್ದು, ಈಗಿನದ್ದು, ಬರುವುದು. ಹತ್ತು ಎಲೆಗಳನ್ನು ಶಿಲುಬೆಯ ಆಕಾರದಲ್ಲಿಯೂ ಅದರ ಪಕ್ಕದಲ್ಲಿಯೂ ಹಾಸುವ ದೊಡ್ಡ ಕ್ರಮವೂ ಉಂಟು. ಅದು ಕೈ ಪಳಗಿದವರಿಗೆ.

ನಮ್ಮ ಗುರುವಾದ ಹುಡುಗಿ ಹಾಕಿಕೊಟ್ಟ ಪಾಠ ಹೀಗಿತ್ತು. ದಿನಕ್ಕೊಂದು ಎಲೆಯನ್ನು ತೆಗೆಯುವುದು. ಪುಸ್ತಕವನ್ನು ತೆರೆಯದೆ, ಮೊದಲು ಚಿತ್ರದಲ್ಲಿರುವುದನ್ನು ಇದ್ದ ಹಾಗೆ ಬಾಯಿಬಿಟ್ಟು ಹೇಳುವುದು. ಆಮೇಲೆ ಅದು ಯಾರ ನೆನಪು ತರುತ್ತದೆ, ಯಾವ ದಿನದ ನೆನಪು ತರುತ್ತದೆ ಎಂದು ಬರೆದಿಡುವುದು. ಪುಸ್ತಕದ ಅರ್ಥ ಕೊನೆಗೆ. ಈ ಪಾಠ ನಮಗೆ ಬಹಳ ಹಿಡಿಸಿತು. ನೋಡುವುದಕ್ಕೂ ನೋಡಿದೆನೆಂದು ತಿಳಿಯುವುದಕ್ಕೂ ಎಷ್ಟು ಅಂತರವಿದೆಯೆಂಬುದು ಮೊದಲ ದಿನವೇ ಅರಿವಾಯಿತು. ಮರಣದ ಎಲೆಯನ್ನು ಕಂಡು ಮುಖ ತಿರುಗಿಸಿದ ನಮಗೆ, ‘ಹಿಂದೆ ದೂರದಲ್ಲಿ ಎರಡು ಗೋಪುರಗಳ ನಡುವೆ ಏನಿದೆ ನೋಡಿ’ ಎಂದಳು. ಬಿಳಿಯ ಕುದುರೆಯ ಮೇಲೆ ಅಸ್ಥಿಪಂಜರ. ಕೆಳಗೆ ಬಿದ್ದ ರಾಜ. ಕೈ ಮುಗಿದ ಪಾದ್ರಿ. ಹೂ ಹಿಡಿದ ಮಗು. ಇವೆಲ್ಲದರ ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯನಿದ್ದ. ನಾವು ಅದನ್ನು ಕಂಡಿರಲೇ ಇಲ್ಲ. ಓದಿದವರು ಈ ಎಲೆಗೆ ಸಾವು ಎಂದು ಅರ್ಥ ಹೇಳುವುದಿಲ್ಲ, ಒಂದು ಕಾಲ ಮುಗಿದು ಇನ್ನೊಂದು ತೊಡಗುವುದೆಂದು ಹೇಳುತ್ತಾರೆ.

ಎರಡನೆಯ ದಿನ ಇವುಗಳ ಹುಟ್ಟಿನ ಮಾತು ಬಂತು. ಈ ವಿದ್ಯೆ ಪುರಾತನ ಈಜಿಪ್ಟಿನದೆಂದು ಅವಳು ಎಲ್ಲಿಯೋ ಓದಿದ್ದಳು. ಪುರಾತನವೆಂಬ ಮಾತು ಕೇಳಿದರೆ ನಮಗೆ ಹುಳು ಹೊಕ್ಕಂತಾಗುತ್ತದೆ, ಹುಡುಕಿ ನೋಡಿದೆವು. ದೊರೆತ ಸಂಗತಿ ಬೇರೆಯೇ ಆಗಿತ್ತು.

ಆಟದ ಎಲೆಗಳು ಯೂರೋಪನ್ನು ತಲುಪಿದ್ದು 14ನೆಯ ಶತಮಾನದ ಉತ್ತರಾರ್ಧದಲ್ಲಿ, ಈಜಿಪ್ಟನ್ನಾಳುತ್ತಿದ್ದ ಮಾಮ್ಲೂಕ್ ಸುಲ್ತಾನರ ಸೀಮೆಯಿಂದ. ಅಂಥ ಒಂದು ಹಳೆಯ ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಸಂಗ್ರಹಾಲಯದಲ್ಲಿ ಉಳಿದಿದೆ. ಅದರಲ್ಲಿರುವ ಬಳಗಗಳು ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಆಟದ ಕೋಲು. ಪೋಲೋ ಆಟವನ್ನರಿಯದ ಯೂರೋಪಿನವರು ಅದನ್ನು ಬರಿಯ ಕೋಲನ್ನಾಗಿ ಬರೆದುಕೊಂಡರು. ಹೀಗೆ ಈಜಿಪ್ಟಿನ ಸಂಬಂಧವೇನೋ ಇದೆ, ಆದರೆ ಅದು ಫೇರೋಗಳ ಕಾಲದ್ದಲ್ಲ, ಸುಲ್ತಾನರ ಕಾಲದ್ದು, ಮಂತ್ರವಿದ್ಯೆಯದಲ್ಲ, ಆಟದ್ದು.

ಆಮೇಲೆ ಉತ್ತರ ಇಟಲಿಯ ಅರಮನೆಗಳಲ್ಲಿ ಈ ಕಟ್ಟಿಗೆ ಮೆರವಣಿಗೆಯ ಚಿತ್ರಗಳಂಥ ಎಲೆಗಳನ್ನು ಸೇರಿಸಿದರು. ಅದರ ಮೊದಲ ಲಿಖಿತ ಉಲ್ಲೇಖ ದೊರೆಯುವುದು 1440ರಲ್ಲಿ, ಫ್ಲಾರೆನ್ಸ್ ನಗರದಲ್ಲಿ. ಆಗ ಇವುಗಳಿಗೆ ‘ಟ್ರಿಯೋಂಫಿ’, ಅಂದರೆ ವಿಜಯಗಳು ಎಂದು ಹೆಸರು. ಉಳಿದ ಎಲೆಗಳನ್ನು ಗೆಲ್ಲುವ ಎಲೆಗಳೆಂದು ಆ ಹೆಸರು. ಇಂಗ್ಲಿಷಿನ ‘ಟ್ರಂಪ್’ ಎಂಬ ಮಾತು ಬಂದದ್ದು ಈ ವಿಜಯದಿಂದಲೇ. ನಾವು ಇಸ್ಪೀಟಾಡುವಾಗ ಕೂಗುವ ‘ತುರುಪು’ ಸಹ ಆ ಬಳಗದ ಮಾತೇ. ಮಿಲಾನಿನ ವಿಸ್ಕೊಂತಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ 15ನೆಯ ಶತಮಾನದ ನಡುವೆ ಬರೆದ ಚಿನ್ನದ ರೇಕಿನ ಕಟ್ಟೊಂದರಲ್ಲಿ 74 ಎಲೆಗಳು ಇಂದಿಗೂ ಉಳಿದಿವೆ. ಕಳೆದುಹೋಗಿರುವ ನಾಲ್ಕರಲ್ಲಿ ಪಿಶಾಚಿಯೂ ಸಿಡಿಲು ಬಡಿದ ಗೋಪುರವೂ ಸೇರಿವೆಯೆಂದು ಕೇಳಿ, ಪುಣ್ಯವಂತರ ಮನೆಯೇ ಸರಿ ಎಂದು ನಾವಿಬ್ಬರೂ ನಕ್ಕೆವು.

ಮುನ್ನೂರು ವರ್ಷಗಳಿಗೂ ಮೀರಿ ಇದು ಮುಖ್ಯವಾಗಿ ಆಟವೇ ಆಗಿತ್ತು. ಫ್ರಾನ್ಸಿನ ಮನೆಗಳಲ್ಲಿ ಇಂದಿಗೂ 78 ಎಲೆಗಳ ಟಾರೋ ಆಟವನ್ನು ಆಡುತ್ತಾರೆ. ನಮ್ಮ ಗಂಜೀಫಾ ಎಲೆಗಳನ್ನು ಇಲ್ಲಿ ನೆನೆಯಬಹುದು. ದಶಾವತಾರ ಗಂಜೀಫಾದಲ್ಲಿ ಮತ್ಸ್ಯನಿಂದ ಕಲ್ಕಿಯವರೆಗೆ ಹತ್ತು ಬಳಗ, ಬಳಗಕ್ಕೆ 12ರಂತೆ 120 ದುಂಡನೆಯ ಎಲೆಗಳು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅದು ಬಹಳ ಬೆಳೆಯಿತು. ದೇವರ ಚಿತ್ರವೇ ಇದ್ದರೂ ಅದು ಆಟವಾಗಿಯೇ ಬೆಳೆಯಿತು.

ಹಾಗಿದ್ದರೆ ಟಾರೋ ಶಾಸ್ತ್ರವಾದದ್ದು ಯಾವಾಗ? 1781ರಲ್ಲಿ. ಪ್ಯಾರಿಸಿನಲ್ಲಿದ್ದ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸರು ತಮ್ಮ ದೊಡ್ಡ ಗ್ರಂಥದ 8ನೆಯ ಸಂಪುಟದಲ್ಲಿ, ಈ ಎಲೆಗಳು ಪುರಾತನ ಈಜಿಪ್ಟಿನ ಅರ್ಚಕರು ಬಚ್ಚಿಟ್ಟ ಜ್ಞಾನದ ಪುಸ್ತಕವೆಂದು ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಆಗ ಓದಬಲ್ಲವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಶಾಂಪೋಲಿಯೋಂ ಅದರ ಕೀಲಿ ಕಂಡುಹಿಡಿದದ್ದು 1822ರಲ್ಲಿ. ಲಿಪಿಯನ್ನು ಓದಿದ ಮೇಲೆ ಅದರಲ್ಲಿ ಟಾರೋವಿನ ಸುಳಿವೇ ದೊರೆಯಲಿಲ್ಲ. ಆದರೆ ಅಷ್ಟರೊಳಗೆ ಮಾತು ಹಬ್ಬಿಯಾಗಿತ್ತು. ಎತ್ತೇಯಾ ಎಂಬ ಹೆಸರಿನಿಂದ ಬರೆಯುತ್ತಿದ್ದ ಪ್ಯಾರಿಸಿನ ಇನ್ನೊಬ್ಬರು ಭವಿಷ್ಯ ಹೇಳುವ ಕ್ರಮವನ್ನು ಪುಸ್ತಕ ಮಾಡಿ, 1789ರಲ್ಲಿ ಅದಕ್ಕೆಂದೇ ಎಲೆಗಳನ್ನೂ ಅಚ್ಚು ಹಾಕಿಸಿದರು. 19ನೆಯ ಶತಮಾನದ ಮಧ್ಯದಲ್ಲಿ ಎಲಿಫಾಸ್ ಲೇವಿ ಎಂಬವರು 22 ಎಲೆಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಜೋಡಿಸಿದರು. ಹೀಗೆ ಒಂದರ ಮೇಲೊಂದು ಅರ್ಥವನ್ನು ಪೇರಿಸುತ್ತ ಬಂದರು. ಪುರಾತನವೆಂದು ನಾವು ಎಣಿಸುವುದರ ವಯಸ್ಸು ಇನ್ನೂ 250 ವರ್ಷವೂ ಆಗಿಲ್ಲ.

ನಾವು ಕೈಯಲ್ಲಿ ಹಿಡಿದಿದ್ದ ಚಿತ್ರಗಳು ಇನ್ನೂ ಈಚಿನವು. 1909ರಲ್ಲಿ ಲಂಡನ್ನಿನ ರೈಡರ್ ಎಂಬ ಪ್ರಕಾಶನ ಅವುಗಳನ್ನು ಪ್ರಕಟಿಸಿತು. ಯೋಜನೆ ಹಾಕಿದವರು ಆರ್ಥರ್ ಎಡ್ವರ್ಡ್ ವೇಯ್ಟ್. ಚಿತ್ರಗಳನ್ನೆಲ್ಲ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ, ಆಗ 31 ವರ್ಷದ ಕಲಾವಿದೆ. ಹಳೆಯ ಕಟ್ಟುಗಳಲ್ಲಿ ಸಾಮಾನ್ಯವಾಗಿ ಐದು ಬಟ್ಟಲೆಂದರೆ ಐದು ಬಟ್ಟಲುಗಳ ಚಿತ್ರವಷ್ಟೇ ಇರುತ್ತಿತ್ತು. ಈಕೆ ಹೆಚ್ಚಿನ ಎಲೆಗಳಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದಳು: ಚೆಲ್ಲಿದ ಬಟ್ಟಲುಗಳೆದುರು ತಲೆ ತಗ್ಗಿಸಿದವನು, ದೋಣಿಯಲ್ಲಿ ಮುದುಡಿ ಕುಳಿತ ತಾಯಿ ಮಗು, ಹೊರೆ ಹೊತ್ತು ಬಾಗಿದವನು. ಏನೂ ಕಲಿಯದವರೂ ಈ ಎಲೆಗಳನ್ನು ನೋಡಿ ಒಂದು ಕಥೆ ಹೇಳಬಲ್ಲರೆಂದರೆ ಅದು ಈಕೆಯ ಕೈಯ ಗುಣ. ದೊಡ್ಡ ಕೆಲಸ, ಸಿಕ್ಕಿದ ದುಡ್ಡು ಬಹಳ ಕಡಮೆ ಎಂಬ ಅರ್ಥದ ಮಾತನ್ನು ಆಕೆ ಅದೇ ವರ್ಷ ಒಂದು ಪತ್ರದಲ್ಲಿ ಬರೆದಿದ್ದಾಳೆ. 1951ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಸಾಲದ ನಡುವೆ ತೀರಿಕೊಂಡಳು. ಬಹುಕಾಲ ಆ ಕಟ್ಟಿಗೆ ಪ್ರಕಾಶಕರದೂ ವೇಯ್ಟರದೂ ಹೆಸರಿತ್ತೇ ವಿನಾ ಅವಳದಿರಲಿಲ್ಲ. ಒಂದೊಂದು ಎಲೆಯ ಮೂಲೆಯಲ್ಲಿ ಬಳ್ಳಿಯಂತೆ ಹೆಣೆದ ಅವಳ ಅಂಕಿತ ಮಾತ್ರ ಉಳಿದಿದೆ. ಲೋಕದ ಭವಿಷ್ಯಕ್ಕೆ ಚಿತ್ರ ಬರೆದುಕೊಟ್ಟವಳ ಪಾಲಿಗೆ ಒದಗಿದ ಭವಿಷ್ಯ ಇದು.

ಇಷ್ಟೆಲ್ಲ ತಿಳಿದ ಮೇಲೆ ನಾವು ಜಾಣರಾದೆವೆಂದು ಎಣಿಸಿದ್ದೆವು. ಜಾಣತನ ಎಷ್ಟರದೆಂಬುದು ನಾಲ್ಕನೆಯ ದಿನ ತಿಳಿಯಿತು.

ಅಂದು ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಬಂದರು. ನಮಗಿಂತ ಹತ್ತು ವರ್ಷ ಹಿರಿಯರು. ಹಪ್ಪಳಕ್ಕೆ ಹಲಸಿನ ಕಾಯಿ ಕೊಯ್ದರೂ ನಮಗೊಂದು ಪಾಲು ತರುವವರು. ಅವರ ಒಬ್ಬನೇ ಮಗ ಗಲ್ಫಿನಲ್ಲಿದ್ದ. ಎರಡು ತಿಂಗಳಿಂದ ಅವನ ಫೋನು ಬಂದಿರಲಿಲ್ಲ. ಇವರು ಮಾಡಿದರೆ ಹೋಗುತ್ತಿರಲಿಲ್ಲ. ಜಗಲಿಯಲ್ಲಿ ಹರಡಿದ್ದ ಎಲೆಗಳನ್ನು ಕಂಡು, ‘ಇದೇನು ಮಾರಾಯ್ತಿ, ಕಣಿ ಹೇಳುವುದು ಕಲಿತೆಯಾ? ಹಾಗಾದರೆ ನನ್ನ ಮಗ ಬರುತ್ತಾನೋ ಇಲ್ಲವೋ ನೋಡಿ ಹೇಳು’ ಎಂದರು. ನಗುತ್ತಲೇ ಕೇಳಿದರು. ನಾವೂ ನಗುತ್ತಲೇ ಒಪ್ಪಿದೆವು.

ಅವರ ಕೈಯಿಂದಲೇ ಎಲೆ ಕಲಸಿಸಿ ಮೂರನ್ನು ತೆಗೆಸಿದೆವು. ಮೊದಲನೆಯದು ಬಟ್ಟಲಿನ ಆರು: ಹುಡುಗನೊಬ್ಬ ಪುಟ್ಟ ಹುಡುಗಿಗೆ ಹೂ ತುಂಬಿದ ಬಟ್ಟಲನ್ನು ನೀಡುತ್ತಿರುವ ಚಿತ್ರ. ಮಗನ ಬಾಲ್ಯ ಎಂದೆವು, ಅಕ್ಕ ತಲೆದೂಗಿದರು. ಎರಡನೆಯದು ಕತ್ತಿಯ ಒಂಬತ್ತು: ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು ಎರಡು ಕೈಗಳಿಂದ ಮುಖ ಮುಚ್ಚಿಕೊಂಡಿರುವ ಒಬ್ಬರು, ಹಿಂದಿನ ಕತ್ತಲೆಯಲ್ಲಿ ಒಂಬತ್ತು ಕತ್ತಿಗಳು. ನಾವು ಬಾಯಿ ತೆರೆಯುವ ಮೊದಲೇ ಅಕ್ಕ, ‘ಇದು ನಾನೇ’ ಎಂದರು. ಅವರ ನಗು ನಿಂತಿತ್ತು.

ಆ ಗಳಿಗೆಯಲ್ಲಿ ನಮ್ಮೊಳಗೆ ಏನಾಯಿತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮಗೆ ಹಿತವಾಯಿತು. ನಮ್ಮ ಮಾತನ್ನು ಒಬ್ಬರು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ ಎಂಬುದೇ ಒಂದು ಸುಖ. ಅಷ್ಟು ಹೊತ್ತು ಆಟವಾಗಿದ್ದುದು ಆಟವಾಗಿ ಉಳಿಯಲಿಲ್ಲ. ಮೂರನೆಯ ಎಲೆಯನ್ನು ಮಗುಚಿದೆವು, ಬಟ್ಟಲಿನ ಎಂಟು. ಇರುಳು, ಮೇಲೆ ಚಂದ್ರ. ಅಡಕಿಟ್ಟ ಎಂಟು ಬಟ್ಟಲುಗಳಿಗೆ ಬೆನ್ನು ಹಾಕಿ, ಕೈಯಲ್ಲಿ ಕೋಲು ಹಿಡಿದು ಒಬ್ಬನು ಬೆಟ್ಟದತ್ತ ನಡೆದು ಹೋಗುತ್ತಿದ್ದಾನೆ. ‘ಬಿಟ್ಟು ಹೋಗುತ್ತಿದ್ದಾನೆ. ತಿರುಗಿ ನೋಡುತ್ತಿಲ್ಲ’ ಎಂದೆವು. ಚಿತ್ರದಲ್ಲಿದ್ದುದನ್ನೇ ಹೇಳಿದ್ದು, ಆದರೆ ಕೇಳಿದವರು ಚಿತ್ರದ ಮಾತಾಗಿ ಕೇಳಲಿಲ್ಲ. ಸೆರಗಿನ ತುದಿ ಅವರ ಬಾಯಿಗೆ ಹೋಯಿತು. ಕಣ್ಣು ತುಂಬಿ ಬಂತು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನಮಗೆ ತಿಳಿಯಲಿಲ್ಲ.

ತಿಳಿದದ್ದು ಹುಡುಗಿಗೆ. ಅವಳು ಎಲೆಗಳನ್ನು ಒಟ್ಟುಗೂಡಿಸಿ, ಅಕ್ಕನ ಪಕ್ಕದಲ್ಲಿ ಕುಳಿತು ಹೇಳಿದಳು: ‘ಅತ್ತೆ, ದೊಡ್ಡಮ್ಮ ಕಲಿತು ನಾಲ್ಕು ದಿನವಾಯಿತಷ್ಟೆ. ಪ್ರಶ್ನೆಯೇ ಸರಿಯಾಗಲಿಲ್ಲ. ಅವನು ಬರುತ್ತಾನೋ ಎಂದರೆ ಎಲೆಗೆ ಹೇಗೆ ಗೊತ್ತಾಗಬೇಕು? ನಿಮ್ಮ ಕೈಯಲ್ಲಿರುವುದನ್ನು ಕೇಳಿ. ಅವನ ಸುದ್ದಿ ತಿಳಿಯಲು ನೀವು ಇವತ್ತು ಏನು ಮಾಡಬಹುದು ಎಂದು ಕೇಳಿ.’ ಮತ್ತೆ ಎಲೆ ಕಲಸಿ ಒಂದನ್ನು ತೆಗೆಸಿ, ಕವುಚಿಯೇ ಚಾಪೆಯ ಮೇಲಿಟ್ಟಳು.

ಅಕ್ಕ ಆ ಎಲೆಯ ಬೆನ್ನನ್ನು ನೋಡುತ್ತ ಬಹಳ ಹೊತ್ತು ಕುಳಿತರು. ಆಮೇಲೆ ಮೆಲ್ಲನೆ ಹೇಳಿದರು: ಮಗನ ಕೋಣೆಯಲ್ಲಿಯೇ ಇರುವ ಉಪ್ಪಳದ ಹುಡುಗನೊಬ್ಬನಿದ್ದಾನೆ, ಅವನ ತಾಯಿಯ ಫೋನು ಸಂಖ್ಯೆ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿದೆ. ‘ಮತ್ತೆ ಯಾಕೆ ಕೇಳಲಿಲ್ಲ ಅಕ್ಕ?’ ಎಂದೆವು. ‘ಕೇಳಿದರೆ ಹೇಳುತ್ತಾರಲ್ಲ. ಹೇಳಿದರೆ ಕೇಳಬೇಕಲ್ಲ’ ಎಂದರು. ಎರಡು ತಿಂಗಳು ಅವರು ಸುದ್ದಿ ಇಲ್ಲದೆ ಕೊರಗಿದ್ದೇನೋ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಸುದ್ದಿಗೆ ಹೆದರಿ ಕೊರಗಿದ್ದರು.

ಅಂದು ಸಂಜೆ ನಮ್ಮ ಜಗಲಿಯಿಂದಲೇ ಫೋನು ಮಾಡಿದರು. ಹುಡುಗನಿಗೆ ಅಪಾಯವೇನೂ ಆಗಿರಲಿಲ್ಲ. ಕೆಲಸಕ್ಕಿದ್ದ ಕಡೆ ಬಾಗಿಲು ಮುಚ್ಚಿತ್ತು; ನಾಲ್ಕು ತಿಂಗಳ ಸಂಬಳ ಬಾಕಿಯಾಗಿತ್ತು; ಹಳೆಯ ಫೋನು ಹೋಗಿತ್ತು. ಮನೆಗೆ ಹಣ ಕಳುಹಿಸದೆ ಬರಿಯ ಮಾತು ಕಳುಹಿಸಲು ನಾಚಿಕೆಪಟ್ಟು, ತನ್ನ ವಿಷಯ ಊರಿಗೆ ಹೇಳಬಾರದೆಂದು ಗೆಳೆಯನಿಂದ ಮಾತು ತೆಗೆದುಕೊಂಡಿದ್ದ. ಮರುದಿನ ತಾಯಿಯೊಡನೆ ಮಾತಾಡಿದ. ‘ದುಡ್ಡು ಯಾರಿಗೆ ಬೇಕು ಮಗನೇ’ ಎಂದು ಅಕ್ಕ ಅತ್ತದ್ದು ಬೇಲಿಯಾಚೆಯಿಂದ ನಮಗೂ ಕೇಳಿಸಿತು. ದೀಪಾವಳಿಯ ಹೊತ್ತಿಗೆ ಊರಿಗೆ ಬಂದ. ಈಗ ಇಲ್ಲಿಯೇ ಒಂದು ಕೆಲಸ ಹಿಡಿದಿದ್ದಾನೆ.

ಎಲೆ ಸರಿಯಾಗಿಯೇ ಹೇಳಿತಲ್ಲ, ಅವನು ಎಲ್ಲವನ್ನೂ ಬಿಟ್ಟು ಹೊರಟಿದ್ದನಲ್ಲ ಎಂದು ನಮ್ಮ ಓರಗಿತ್ತಿ ಆಮೇಲೆ ಕೇಳಿದಳು. ನಾವು ಅದನ್ನು ಕುರಿತು ಬಹಳ ಯೋಚಿಸಿದ್ದೇವೆ. ಬಟ್ಟಲಿನ ಎಂಟನ್ನು ಮಗ ಮನೆಯನ್ನು ಮರೆತ ಎಂದು ಓದಬಹುದು. ಪರದೇಶವನ್ನು ಬಿಟ್ಟು ಊರಿಗೆ ಹೊರಟ ಎಂದೂ ಓದಬಹುದು. ಕೆಲಸ ಕಳೆದುಕೊಂಡ ಎಂದೂ, ಬೇರೆ ಕೆಲಸ ಹುಡುಕಿ ನಡೆದ ಎಂದೂ ಓದಬಹುದು. ನಡೆದದ್ದು ಯಾವುದೇ ಆಗಿದ್ದರೂ ಎಲೆ ಸರಿಯಾಗಿಯೇ ಹೇಳಿದಂತೆ ತೋರುತ್ತಿತ್ತು. ಎಲ್ಲ ಕಾಲಿಗೂ ಹೊಂದುವ ಚಪ್ಪಲಿಯನ್ನು ನೋಡಿ, ಇದು ನನ್ನ ಕಾಲಿಗೆಂದೇ ಹೊಲಿದದ್ದು ಎನ್ನಲಾಗದು.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಅಧ್ಯಾಪಕರು ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಒಬ್ಬೊಬ್ಬರ ಸ್ವಭಾವವನ್ನು ಬರೆದು ಕೊಡುವುದಾಗಿ ಹೇಳಿದರು. ಒಂದು ವಾರದ ಮೇಲೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಬಹುಭಾಗ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡದ್ದು. ನಿಮ್ಮ ಸ್ವಭಾವಕ್ಕೆ ಇದು ಎಷ್ಟು ಹೊಂದುತ್ತದೆ ಎಂದು ಅಂಕ ಹಾಕಲು ಹೇಳಿದಾಗ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ನೀವು ಹೊರಗೆ ಗಟ್ಟಿ, ಒಳಗೆ ಚಿಂತೆಯವರು ಎಂದರೆ ಅಲ್ಲವೆನ್ನುವವರು ಯಾರು? ಕತ್ತಿಯ ಒಂಬತ್ತನ್ನು ತೋರಿಸಿದರೆ ‘ಇದು ನಾನೇ’ ಎನ್ನದ ತಾಯಿ ಯಾರು?

ಹಾಗೆಂದು ಚಿತ್ರಗಳಿಂದ ಏನೂ ಆಗದೆಂದು ಹೇಳುವುದೂ ಸರಿಯಲ್ಲ. 1930ರ ದಶಕದಲ್ಲಿ ಹಾರ್ವರ್ಡಿನ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ ಎಂಬವರು, ಚಿತ್ರಗಳನ್ನು ತೋರಿಸಿ ಕಥೆ ಹೇಳಿಸುವ ಮೂಲಕ ಮನಸ್ಸಿನೊಳಗಣ ಮಾತನ್ನು ಹೊರತರುವ ಒಂದು ಪರೀಕ್ಷೆಯನ್ನು ರೂಪಿಸಿದರು. ಅಲ್ಲಿ ಚಿತ್ರಕ್ಕೆ ಏನೂ ತಿಳಿದಿರುವುದಿಲ್ಲ, ತಿಳಿದಿರುವುದು ನೋಡುವವರಿಗೆ. ನಮ್ಮ ಮನೆಗಳಲ್ಲಿ ಪ್ರಶ್ನೆ ಇಡಿಸುವಾಗಲೂ ಒಂದನ್ನು ಗಮನಿಸಿದ್ದೇವೆ. ವರ್ಷಗಟ್ಟಲೆ ಮುಖ ನೋಡದಿದ್ದ ಅಣ್ಣತಮ್ಮಂದಿರು ಅಂದು ಒಂದೇ ಚಾವಡಿಯಲ್ಲಿ ಕುಳಿತಿರುತ್ತಾರೆ. ಯಾರೂ ಎತ್ತದಿದ್ದ ಹಳೆಯ ಸಾಲದ, ಹಳೆಯ ಮಾತಿನ ಸಂಗತಿ ಅಂದು ಹೊರಬರುತ್ತದೆ. ಶಾಸ್ತ್ರದ ಮಾತನ್ನು ಬಲ್ಲವರಿಗೆ ಬಿಡೋಣ. ಒಟ್ಟಿಗೆ ಕುಳಿತು ಮಾತಾಡಿದ್ದರಿಂದ ಆದ ಒಳಿತನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಅಪಾಯ ಇರುವುದು ಎಲೆಯಲ್ಲಲ್ಲ, ಓದುವವರ ಬಾಯಿಯಲ್ಲಿ. ಈಗ ಕೈಯೊಳಗಿನ ಫೋನಿನಲ್ಲಿಯೇ ಟಾರೋ ಓದಿ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಕೆಲವರು ಒಳ್ಳೆಯ ಮಾತಾಡಿ ಧೈರ್ಯ ಹೇಳುವರು. ಇನ್ನು ಕೆಲವರು ಮೊದಲು ಹೆದರಿಸಿ, ಆಮೇಲೆ ಪರಿಹಾರಕ್ಕೆಂದು ದುಡ್ಡು ಕೇಳುವರು. ಮಗಳ ಮದುವೆ, ಗಂಡನ ಕಾಯಿಲೆ, ಮಗನ ಪರೀಕ್ಷೆ ಎಂದು ಕಳವಳದಲ್ಲಿರುವವರಿಗೆ ಇವರಿಬ್ಬರ ಅಂತರ ಒಡನೆ ತಿಳಿಯುವುದಿಲ್ಲ. ನಾಲ್ಕು ದಿನ ಕಲಿತ ನಮ್ಮ ಮಾತೇ, ಮೂವತ್ತು ವರ್ಷ ನಮ್ಮನ್ನು ಬಲ್ಲ ಅಕ್ಕನ ಎದೆಗೆ ಅಷ್ಟು ನಾಟಿತೆಂದರೆ, ಮುಖ ಕಾಣದ ಜಾಣರ ಮಾತು ಎಷ್ಟು ನಾಟಬೇಡ!

ಆದುದರಿಂದ ಹುಡುಗಿ ಹಿಂದಿರುಗುವ ಮುನ್ನ ನಾವಿಬ್ಬರೂ ಕುಳಿತು ಕೆಲವು ಕಟ್ಟುಪಾಡುಗಳನ್ನು ಬರೆದೆವು. ಮನೆಯಲ್ಲಿ ಇಂಥ ಎಲೆಗಳು ಕಾಣಿಸಿಕೊಂಡಿದ್ದರೆ ನಮ್ಮ ಓದುಗರಿಗೂ ಅವು ಉಪಯೋಗಕ್ಕೆ ಬಂದೀತು. ಕಾಯಿಲೆ, ಸಾವು, ಕೋರ್ಟಿನ ವ್ಯಾಜ್ಯ, ಪರೀಕ್ಷೆಯ ಫಲ ಇವುಗಳನ್ನು ಕುರಿತು ಎಲೆ ಹಾಕಬಾರದು. ಅದಕ್ಕೆ ವೈದ್ಯರೂ ವಕೀಲರೂ ಅಧ್ಯಾಪಕರೂ ಇದ್ದಾರೆ. ಎದುರಿಗಿಲ್ಲದವರ ಮನಸ್ಸನ್ನು ಓದಬಾರದು. ದುಡ್ಡು ಮುಟ್ಟಬಾರದು, ಪರಿಹಾರ ಹೇಳಬಾರದು. ಓದುವವರು ಮಾತಾಡಿದ್ದಕ್ಕಿಂತ ಕೇಳಿದವರು ಮಾತಾಡಿದ್ದು ಹೆಚ್ಚಾಗಿರಬೇಕು. ಎಲ್ಲಕ್ಕೂ ಮಿಗಿಲಾಗಿ, ‘ಆಗುವುದೇ?’ ಎಂದು ಬಂದ ಪ್ರಶ್ನೆಯನ್ನು ‘ನಾನೇನು ಮಾಡಬಹುದು?’ ಎಂದು ತಿದ್ದದೆ ಒಂದು ಎಲೆಯನ್ನೂ ಮಗುಚಬಾರದು. ಹಾಗೆ ತಿದ್ದಿದ ಮೇಲೆ ಮಗುಚಬೇಕಾದ ಅಗತ್ಯವೇ ಹಲವು ಸಲ ಉಳಿಯುವುದಿಲ್ಲ.

ಅಂದು ಚಾಪೆಯ ಮೇಲೆ ಕವುಚಿಟ್ಟಿದ್ದ ಎಲೆ ಯಾವುದೆಂದು ನಾವು ನೋಡಲಿಲ್ಲ. ಅಕ್ಕ ಫೋನು ಸಂಖ್ಯೆ ತರಲೆಂದು ಮಳೆಯಲ್ಲಿಯೇ ಓಡಿದಾಗ, ಹುಡುಗಿ ಅದನ್ನು ಹಾಗೆಯೇ ಎತ್ತಿ ಉಳಿದವುಗಳೊಡನೆ ಸೇರಿಸಿ ರೇಷ್ಮೆಯ ತುಂಡಿನಲ್ಲಿ ಸುತ್ತಿಬಿಟ್ಟಳು. ಹೊರಡುವಾಗ ಕಟ್ಟನ್ನು ನಮಗೇ ಬಿಟ್ಟು ಹೋದಳು. ನಾವು ಅದನ್ನು ಆಗಾಗ ತೆರೆದು ಪಮೇಲಾಳ ಚಿತ್ರಗಳನ್ನು ನೋಡುತ್ತೇವೆ. ಪಕ್ಕದ ಮನೆಯ ಅಕ್ಕ ಬಂದಾಗ ಮಾತ್ರ ತೆಗೆಯುವುದಿಲ್ಲ. ಅವರೂ ಕೇಳುವುದಿಲ್ಲ, ಮಗ ಕೆಲಸದಿಂದ ಬರುವ ಹೊತ್ತಾಯಿತೆಂದು ಬೇಗನೆ ಏಳುತ್ತಾರೆ.